ಕಾರ್ಬುರೇಟರ್ ತೊಳೆದ ವಾರ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಲ್ಲಿ ನನಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಬಹಳ ಕಡಿಮೆ ಇತ್ತು. ಹಾಗಂತ ನಾನೇ ಅಂದುಕೊಂಡಿದ್ದೆ. ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು, ಯಾವ ಲೋಹಕ್ಕೆ ಏನು ತಾಕಿದರೆ ಏನಾಗುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಈ ಜಂಬ ಇಟ್ಟುಕೊಂಡೇ ಎಂಬತ್ತರ ದಶಕದ ಮೊದಲಲ್ಲಿ, ಒಂದು ಮೇ ತಿಂಗಳು, ಹಳೇ ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿಕೊಂಡು ಕೂತೆ.

ಬಿಚ್ಚಲೇಬೇಕಿತ್ತು. ನನ್ನ ಕೆಲಸ ಉಳಿಯುವುದು ಅದರ ಮೇಲೆ ನಿಂತಿತ್ತು. ಫೆಬ್ರುವರಿಯಲ್ಲಿ ಮಗಳು ಹುಟ್ಟಿದ್ದಳು. ಹೆರಿಗೆ ರಜೆ ಮುಗಿಯುವಷ್ಟರಲ್ಲಿ ಬೇಸಿಗೆ ರಜೆ ಬಂದು ಕೈ ಹಿಡಿದಿತ್ತು. ಅದೂ ಮುಗಿಯುತ್ತ ಬಂತು. ನಮ್ಮ ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಬಸ್ ಸ್ಟ್ಯಾಂಡಿನವರೆಗೆ ನಡಿಗೆ, ಅಲ್ಲಿ ಕಾಯುವುದು, ಗುಬ್ಬಿ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಲ್ಲುವುದು. ಬೆಳಿಗ್ಗೆ ಏಳೂವರೆಗೆ ಹೊರಟರೆ ಸಂಜೆ ಮನೆ ಸೇರುವಾಗ ಏಳು ದಾಟುತ್ತಿತ್ತು. ಅಷ್ಟು ಹೊತ್ತಿಗೆ ನಾಲ್ಕು ತಿಂಗಳ ಮಗು ನಿದ್ದೆ ಹೋಗಿರುತ್ತದೆ.

ನನ್ನ ಗಂಡ ತುಮಕೂರಿನಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತರು, ಸೌಮ್ಯ ಸ್ವಭಾವದವರು. ಜಗಳ ಆಡಲು ಬರುತ್ತಿರಲಿಲ್ಲ, ಆದರೆ ಹೇಳಿದ್ದನ್ನೇ ಹೇಳಿ ಹೇಳಿ ಸುಸ್ತು ಮಾಡಲು ಬರುತ್ತಿತ್ತು. "ಮಗು ಮುಖ ನೋಡೋಕ್ಕೂ ಆಗಲ್ಲ ಕಣೇ ನಿಂಗೆ. ಬಿಟ್ಬಿಡು ಕೆಲ್ಸ" ಎಂದು ದಿನಕ್ಕೆ ಮೂರು ಸಲ. ಅತ್ತೆ ಹೇಳಿದ್ದು ಒಂದೇ ಸಲ. "ಹಾಲು ಕುಡಿಯೋ ಕೂಸು ಬಿಟ್ಟು ಹೊತ್ತು ಮುಳುಗಿದ್ಮೇಲೆ ಬರೋದು ಎಂಥ ಕೆಲ್ಸ ಕಣಮ್ಮಾ?" ಗಂಡನ ಮಾತು ಈ ಕಿವಿಯಿಂದ ಆ ಕಿವಿಗೆ ಹೋಯಿತು. ಅತ್ತೆಯ ಆ ಒಂದು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಈ ಮನೆಯಲ್ಲಿ ನಾನು ಕೆಲಸ ಬಿಡಲಿ ಎಂದು ನಿಜವಾಗಿ ಬಯಸುತ್ತಿರುವವರು ಇವರೇ ಎಂದು ತೀರ್ಮಾನ ಮಾಡಿಕೊಂಡೆ.

ನನಗೆ ಹೊಳೆದ ದಾರಿ ಸ್ಕೂಟರ್. ನಮ್ಮಪ್ಪ ಕುಣಿಗಲ್ಲಿನವರು. ನಾನು ಕಾಲೇಜಿನಲ್ಲಿದ್ದಾಗಲೇ, ಊರವರು ಏನಂದರೂ ಕಿವಿಗೆ ಹಾಕಿಕೊಳ್ಳದೆ, ದೊಡ್ಡ ಕೆರೆಯ ಏರಿ ಮೇಲೆ ನನ್ನನ್ನು ಮುಂದೆ ಕೂರಿಸಿ ತಮ್ಮ ಸ್ಕೂಟರ್ ಕಲಿಸಿದ್ದರು. ಒಂದು ಪಕ್ಕ ನೀರು, ಒಂದು ಪಕ್ಕ ಗದ್ದೆ. ಹ್ಯಾಂಡಲ್ ನೇರವಾಗಿ ಹಿಡಿಯುವುದನ್ನು ಅದಕ್ಕಿಂತ ಬೇಗ ಕಲಿಸುವ ಜಾಗ ಇನ್ನೊಂದಿಲ್ಲ. ಆಮೇಲೆ ಅಪ್ಪನ ಕಣ್ಣು ಮಂದವಾಗಿ ಓಡಿಸುವುದು ಬಿಟ್ಟರು. ಮೂರು ವರ್ಷದಿಂದ ಅದು ಕೊಬ್ಬರಿ ಒಣಗಿಸುವ ಅಟ್ಟದ ಕೆಳಗೆ ಗೋಣಿಚೀಲ ಹೊದ್ದು ನಿಂತಿತ್ತು. "ತಗೊಂಡೋಗಮ್ಮ, ಓಡಿದ್ರೆ ನಿಂದು" ಅಂದರು. ಲಾರಿಯಲ್ಲಿ ತೆಂಗಿನಕಾಯಿ ಜೊತೆ ಅದೂ ತುಮಕೂರಿಗೆ ಬಂತು.

ಸ್ಕೂಟರ್ ಇದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಐದು ಗಂಟೆಯ ಹೊತ್ತಿಗೆಲ್ಲ ಮನೆ. ಗಂಡನಿಗೆ ಲೆಕ್ಕ ಒಪ್ಪಿಸಿದೆ. ಅವರು ಒಂದು ಷರತ್ತು ಹಾಕಿದರು. ಶಾಲೆ ಶುರುವಾಗುವ ಸೋಮವಾರದೊಳಗೆ ಗಾಡಿ ಓಡಬೇಕು, ಓಡದಿದ್ದರೆ ರಾಜೀನಾಮೆ. ನಾನು ಆಯಿತು ಅಂದೆ. ಒಪ್ಪಿದ್ದು ಅವರ ಮೇಲಿನ ಗೌರವದಿಂದಲ್ಲ, ಗಾಡಿ ಓಡಿಯೇ ಓಡುತ್ತದೆ ಎಂಬ ಧೈರ್ಯದಿಂದ.

ಓಡಲಿಲ್ಲ. ಪರಿಚಯದ ಗ್ಯಾರೇಜ್ ಮೇಸ್ತ್ರಿ ಒಬ್ಬರು ಬಂದು ಟ್ಯಾಂಕು ತೊಳೆದು, ಪ್ಲಗ್ಗು ಬದಲಾಯಿಸಿ, ಕಾರ್ಬುರೇಟರ್ ಬಿಚ್ಚಿ ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದರು. ಪೆಟ್ರೋಲನ್ನು ಗಾಳಿಯ ಜೊತೆ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಭಾಗ ಅದು. ಅಂಗೈಯಲ್ಲಿ ಹಿಡಿಯುವಷ್ಟು ಬೂದುಬಣ್ಣದ ಲೋಹದ ಮೈ; ಒಳಗೆ ಹಿತ್ತಾಳೆಯ ಪುಟ್ಟ ತಿರುಪುಗಳು, ಒಂದೊಂದರ ನಡುವೆಯೂ ಸೂಜಿಮೊನೆಯಂಥ ತೂತು. ಅವಕ್ಕೆ ಜೆಟ್ ಅನ್ನುತ್ತಾರೆ. ಮೂರು ವರ್ಷ ಒಳಗೇ ಉಳಿದ ಪೆಟ್ರೋಲು ಆರಿ, ಕಂದುಬಣ್ಣದ ಗೋಂದಾಗಿ, ಎಲ್ಲ ದಾರಿಯನ್ನೂ ಮುಚ್ಚಿತ್ತು.

"ಪೆಟ್ರೋಲಲ್ಲಿ ತೊಳ್ದು ಊದಿ ನೋಡ್ದೆ ಮೇಡಂ. ಗೋಂದು ಕಲ್ಲಾಗೋಗೈತೆ. ಹೊಸಾದು ಹಾಕ್ಬೇಕು, ಆದ್ರೆ ಈ ಮಾಡಲ್‌ದು ಇಲ್ಲೆಲ್ಲೂ ಸಿಗಾಕಿಲ್ಲ" ಅಂದರು ಮೇಸ್ತ್ರಿ.

"ಪೆಟ್ರೋಲಿಗೆ ಹೋಗದಿದ್ದರೆ ಬೇರೆ ಯಾವುದಕ್ಕೋ ಹೋಗುತ್ತೆ" ಅಂದೆ ನಾನು.

"ಯಾವುದಕ್ಕೆ?"

"ನೋಡೋಣ. ನೀವು ಎಸೆಯೋ ಹಳೇ ಕಾರ್ಬುರೇಟರ್ ಒಂದಿದ್ರೆ ಕೊಡಿ."

ಅವರು ಗುಜರಿಗೆ ಹಾಕಲಿದ್ದ ಒಡೆದ ಬಾಡಿಯೊಂದನ್ನು ತಂದುಕೊಟ್ಟರು. ಜೊತೆಗೆ ಒಂದು ಎಚ್ಚರಿಕೆ. ಜೆಟ್ಟಿಗೆ ಸೀಮೆಎಣ್ಣೆ ಸ್ಟೌ ಚುಚ್ಚುವ ಪಿನ್ನು ಮಾತ್ರ ಹಾಕಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲು ಸುರಿಯುತ್ತದೆ ಎಂದು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಿಚ್ಚಿದ ಭಾಗಗಳ ಚಿತ್ರವನ್ನೂ ಬರೆದು, ಹೆಸರು ಗುರುತಿಸಿ, ಅಡಿಗೆರೆ ಹಾಕಿದೆ. ಹತ್ತನೇ ತರಗತಿಯ ಮಕ್ಕಳಿಂದ ನಾನು ಬಯಸುತ್ತಿದ್ದ ಅಚ್ಚುಕಟ್ಟು ಅದು; ಅವರಿಂದ ಯಾವತ್ತೂ ಸಿಕ್ಕಿರಲಿಲ್ಲ.

ಇನ್ನು ತೊಳೆಯುವ ದ್ರಾವಣ ಯಾವುದು ಎಂಬ ಪ್ರಶ್ನೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಉತ್ತರವಿತ್ತು. ಗಂಡ ಎಲ್ಲೋ ಗ್ಯಾರೇಜಿನಲ್ಲಿ ಲಾರಿ ಎಂಜಿನ್ನಿನ ತುಂಡುಗಳನ್ನು ಕಾಸ್ಟಿಕ್ ಸೋಡಾ ನೀರಲ್ಲಿ ಕುದಿಸುವುದನ್ನು ನೋಡಿ ಬಂದಿದ್ದರು. "ಹೊಸದರ ಥರ ಆಗಿತ್ತು ಕಣೇ" ಅಂದರು. ಪಕ್ಕದ ಮನೆಗೆ ಕಿಟಕಿ ಬಣ್ಣ ಹೊಡೆಯಲು ಬಂದವನು ಬಣ್ಣ ತೆಳುಮಾಡುವ ಥಿನ್ನರ್ ಅಂದ. ಮೇಸ್ತ್ರಿ ಸೀಮೆಎಣ್ಣೆಯಲ್ಲಿ ಒಂದು ವಾರ ನೆನೆಹಾಕಿ ಅಂದಿದ್ದರು. ಅತ್ತೆ ಸೊಪ್ಪು ಸೋಸುತ್ತ ಕೂತವರು ತಲೆ ಎತ್ತದೆ, "ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಹೋಗ್ದೆ ಇರೋದು ಏನೈತೆ?" ಅಂದರು.

ನನಗೆ ನಗು ಬಂತು. "ಇದು ಅಡುಗೆಮನೆ ಪಾತ್ರೆ ಅಲ್ಲ ಅತ್ತೆ" ಅಂದೆ. ಅದನ್ನು ಹೇಳಿದ ಧಾಟಿ ನನಗಿನ್ನೂ ನೆನಪಿದೆ, ನೆನೆದರೆ ನಾಚಿಕೆಯಾಗುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವ ಧಾಟಿ. ಅತ್ತೆ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

ಬಾಯಿಮಾತು ಬೇಡ, ಪ್ರಯೋಗವೇ ಆಗಲಿ ಎಂದು ಹಿತ್ತಲಿನ ಕಲ್ಲಿನ ಮೇಲೆ ಐದು ಡಬ್ಬಿ ಮುಚ್ಚಳ ಜೋಡಿಸಿದೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್, ಕಾಸ್ಟಿಕ್ ಸೋಡಾ ನೀರು, ಹುಣಸೆಹುಳಿ. ಒಡೆದ ಬಾಡಿಯನ್ನು ಸುತ್ತಿಗೆಯಲ್ಲಿ ಇನ್ನಷ್ಟು ಒಡೆದು ಒಂದೊಂದು ಚೂರನ್ನು ಒಂದೊಂದರಲ್ಲಿ ಬಿಟ್ಟೆ. ಕಾಸ್ಟಿಕ್ ಸೋಡಾಕ್ಕೆ ಬಿದ್ದ ಚೂರು ಬುಸುಬುಸು ನೊರೆ ಕಕ್ಕಿತು. ಮುಚ್ಚಳ ಮುಟ್ಟಿದರೆ ಬಿಸಿ. ಗಂಡನನ್ನು ಕೂಗಿ ಕರೆದು ತೋರಿಸಿದೆ. "ಲಾರಿದು ಕಬ್ಬಿಣ, ಇದು ಅಲ್ಯೂಮಿನಿಯಂ ಜಾತಿ. ನಿಮ್ಮ ಮಾತು ಕೇಳಿದ್ದಿದ್ರೆ ಸ್ಕೂಟರಿಗೆ ನೊರೆ ಜೋಡಿಸ್ಬೇಕಿತ್ತು" ಅಂದೆ. ಅವರು ನೊರೆಯನ್ನು ನೋಡಿ, ನನ್ನನ್ನು ನೋಡಿ, ಪೇಪರ್ ಓದಲು ಹೋದರು.

ಮಾರನೇ ದಿನಕ್ಕೆ ಫಲಿತಾಂಶ ಖಚಿತವಾಯಿತು. ಸೀಮೆಎಣ್ಣೆ ಜಿಡ್ಡು ಬಿಡಿಸಿತ್ತು, ಗೋಂದು ಹಾಗೇ ಇತ್ತು. ಪೆಟ್ರೋಲಿನಲ್ಲಿ ಗೋಂದು ಸ್ವಲ್ಪ ಮೆತ್ತಗಾಗಿತ್ತು ಅಷ್ಟೆ. ಹುಣಸೆಹುಳಿಯಲ್ಲಿದ್ದ ಚೂರು ಕಪ್ಪಿಟ್ಟು ತರಿತರಿಯಾಗಿತ್ತು. ಥಿನ್ನರಿನಲ್ಲಿ ಮಾತ್ರ ಗೋಂದು ಬೆಲ್ಲದ ಹಾಗೆ ಕರಗಿ, ಲೋಹಕ್ಕೆ ಏನೂ ಆಗಿರಲಿಲ್ಲ. ಅದರಲ್ಲಿ ರಬ್ಬರು ಉಬ್ಬುತ್ತದೆ ಎಂಬುದನ್ನೂ ಪರೀಕ್ಷಿಸಿ, ರಬ್ಬರಿನ ಉಂಗುರಗಳನ್ನೆಲ್ಲ ಬೇರೆ ತೆಗೆದಿಟ್ಟೆ. ಥಿನ್ನರ್ ಎಂದು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ.

ನೆನೆಹಾಕಲು ಪಿಂಗಾಣಿಯ ಉಪ್ಪಿನಕಾಯಿ ಜಾಡಿ ಬೇಕಾಯಿತು. ಕೇಳದೆ ತೆಗೆದುಕೊಂಡೆ. ಅದು ಅತ್ತೆ ತವರಿನಿಂದ, ಗುಬ್ಬಿ ಹತ್ತಿರದ ಹಳ್ಳಿಯಿಂದ ತಂದದ್ದು ಎಂದು ಆಮೇಲೆ ಗೊತ್ತಾಯಿತು. ಥಿನ್ನರಿನ ನಾತ ಹೊಕ್ಕ ಮೇಲೆ ಅದರಲ್ಲಿ ಮತ್ತೆ ಮಾವಿನಕಾಯಿ ಬೀಳಲಿಲ್ಲ. ಅತ್ತೆ ಆ ಬಗ್ಗೆಯೂ ಒಂದು ಮಾತು ಆಡಲಿಲ್ಲ. ಅವರು ಮಾತಾಡದಷ್ಟೂ ನನಗೆ ಅನುಮಾನ ಹೆಚ್ಚುತ್ತಿತ್ತು.

ಮಂಗಳವಾರ ನೆನೆಹಾಕಿ, ಬುಧವಾರ ತೆಗೆದು, ಪೆಟ್ರೋಲಿನಲ್ಲಿ ಜಾಲಿಸಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು, ಚಿತ್ರ ನೋಡಿಕೊಂಡು ಜೋಡಿಸಿದೆ. ಆರನೇ ಕಿಕ್ಕಿಗೆ ಎಂಜಿನ್ ಎದ್ದಿತು. ನಾನು ಕಿರುಚಿದ ಸದ್ದಿಗೆ ಮಗು ಎದ್ದು ಅತ್ತಿತು. ಆದರೆ ಆಕ್ಸಿಲೇಟರ್ ತಿರುವಿ ಹಿಡಿದಿದ್ದರೆ ಮಾತ್ರ ಸದ್ದು. ಕೈ ಬಿಟ್ಟ ತಕ್ಷಣ ಕೆಮ್ಮಿ ನಿಂತುಬಿಡುತ್ತಿತ್ತು. ಹತ್ತು ಸಲ ಎಬ್ಬಿಸಿದೆ, ಹತ್ತು ಸಲವೂ ನಿಂತಿತು.

"ಗುಬ್ಬಿವರೆಗೂ ತಿರುವ್ಕೊಂಡೇ ಹೋಗು. ನಿಲ್ಲಿಸ್ಲೇಬೇಡ" ಅಂದರು ಗಂಡ. ಕಾಸ್ಟಿಕ್ ಸೋಡಾದ ಸೇಡು.

ನಿಧಾನದ ಓಟಕ್ಕೆ ಪೆಟ್ರೋಲು ಕೊಡುವ ಎಲ್ಲಕ್ಕಿಂತ ಸಣ್ಣ ಜೆಟ್ಟು ಇನ್ನೂ ಮುಚ್ಚಿದೆ ಎಂದು ಮೇಸ್ತ್ರಿ ಹೇಳಿದರು. ಬೆಳಕಿಗೆ ಹಿಡಿದು ನೋಡಿದರೆ ನಿಜ, ಆಚೆ ಕಾಣದು. ಇನ್ನೊಂದಿಷ್ಟು ನೆನೆಯಬೇಕು, ಅಷ್ಟೇ ಎಂದು ಗುರುವಾರ ಮತ್ತೆ ಪೂರ್ತಿ ಬಿಚ್ಚಿ ಅದೇ ಜಾಡಿಗೆ ಹಾಕಿದೆ. ದ್ರಾವಣ ತಪ್ಪಿರಬಹುದು ಎಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಬಟ್ಟೆ ಸುತ್ತಿ ಎತ್ತಿಕೊಂಡು ಹಿತ್ತಲಿಗೆ ಬಂದೆ. ಬಂದವಳು ಅಲ್ಲೇ ನಿಂತೆ. ಜಾಡಿ ಬಾಯಿ ತೆರೆದು ಕೂತಿತ್ತು. ಅತ್ತೆ ಪ್ರತಿ ಶುಕ್ರವಾರದಂತೆ ದೇವರ ಸಾಮಾನು ಹರಡಿಕೊಂಡು ಬೆಳಗುತ್ತಿದ್ದರು. ಕೈ ತುಂಬ ಹುಣಸೆಹಣ್ಣು, ಪಕ್ಕದಲ್ಲಿ ಬೂದಿ. ದೀಪದ ಕಂಬ, ಆರತಿ ತಟ್ಟೆ, ಗಂಟೆ, ಪಂಚಪಾತ್ರೆ, ಉದ್ಧರಣೆ. ಅವುಗಳ ಸಾಲಿನಲ್ಲೇ, ಬಿಸಿಲಿಗೆ ಬಂಗಾರದಂತೆ ಹೊಳೆಯುತ್ತ, ನನ್ನ ಕಾರ್ಬುರೇಟರಿನ ಜೆಟ್ಟುಗಳು.

ಕಪ್ಪಿಟ್ಟು ತರಿತರಿಯಾದ ಆ ಚೂರು ಕಣ್ಣ ಮುಂದೆ ಬಂತು. ಸೋಮವಾರಕ್ಕೆ ನಡುವೆ ಇನ್ನೆರಡೇ ದಿನ. ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ.

"ನಾನು ಕೆಲ್ಸ ಬಿಡಬೇಕು, ಅಷ್ಟೇ ತಾನೇ ನಿಮಗೆ? ಎದುರಿಗೆ ಹೇಳೋಕ್ಕೆ ಏನಾಗಿತ್ತು ಅತ್ತೆ? ಕಳ್ಳರ ಥರ ಹಿಂದಿನಿಂದ ಬಂದು ಹಾಳು ಮಾಡ್ಬೇಕಿತ್ತಾ?"

ಪಕ್ಕದ ಮನೆಯ ಬಾವಿಯ ರಾಟೆ ನಿಂತಿತು. ಕೇಳಿಸಿಕೊಳ್ಳಲಿ ಎಂದು ಇನ್ನೂ ಜೋರಾಗಿ ಇನ್ನೊಂದಿಷ್ಟು ಅಂದೆ. ಬರೆಯುವಂಥ ಮಾತಲ್ಲ ಅವು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅತ್ತೆ ನನಗೆ ಒಂದು ದಿನವೂ ಏರಿದ ದನಿಯಲ್ಲಿ ಮಾತಾಡಿದವರಲ್ಲ, ಅದು ಆಗ ನೆನಪಾಗಲಿಲ್ಲ.

ಅತ್ತೆ ಕೈ ತೊಳೆದುಕೊಂಡರು. ಸೆರಗಿಗೆ ಒರೆಸಿಕೊಂಡು ನನ್ನ ತೋಳಿನಿಂದ ಮಗುವನ್ನು ಎತ್ತಿಕೊಂಡರು. "ಕೂಸು ಹೆದರ್ಕಂತದೆ" ಅಂದರು. ಎರಡು ಹೆಜ್ಜೆ ಹೋಗಿ ನಿಂತು, ತಿರುಗದೆ, "ಹಂಗಂದ್ಕಂಡ್ಯಾ? ಸರಿ ಬುಡು" ಅಂದು ಒಳಗೆ ಹೋದರು.

ಎಷ್ಟು ಹಾಳಾಗಿದೆ ಎಂದು ನೋಡಿ ಗಂಡನಿಗೂ ತೋರಿಸಬೇಕೆಂಬ ಹಟದಲ್ಲಿ ಆ ಸಣ್ಣ ಜೆಟ್ಟನ್ನು ಎತ್ತಿ ಸೂರ್ಯನಿಗೆ ಹಿಡಿದೆ. ನಡುವೆ ಬೆಳಕಿನ ಒಂದು ಚುಕ್ಕೆ ಕಂಡಿತು. ತಿರುಗಿಸಿ ಹಿಡಿದೆ. ಆ ಕಡೆಯಿಂದಲೂ ಅದೇ ಚುಕ್ಕೆ, ದುಂಡಗೆ. ಬಾಯಿಗಿಟ್ಟು ಊದಿದೆ, ಹುಳಿ ನಾಲಿಗೆಗೆ ತಾಕಿತು, ಗಾಳಿ ಆಚೆ ಹೋಯಿತು.

ಬೂದುಬಣ್ಣದ ಬಾಡಿ ಎಲ್ಲಿ ಎಂದು ಹುಡುಕಿದೆ. ಅದು ದೂರದಲ್ಲಿ, ಒಣಗಿದ ಹಳೇ ಬಟ್ಟೆಯ ಮೇಲೆ ನೆರಳಲ್ಲಿತ್ತು. ಅದಕ್ಕೆ ಒಂದು ಹನಿ ಹುಣಸೆಹುಳಿಯೂ ಸಿಡಿದಿರಲಿಲ್ಲ. ಬೆಳಗುವ ಕಲ್ಲಿನ ಅಂಚಿನಲ್ಲಿ ಇನ್ನೊಂದು ವಸ್ತು ಕಂಡಿತು. ನಾಲ್ಕೈದು ನೀಳ ನರೆಗೂದಲು ಸೇರಿಸಿ ಹೊಸೆದ ಒಂದು ಎಳೆ, ಹಸಿರು ಮಸಿ ಮೆತ್ತಿಕೊಂಡು. ಆ ಎಳೆಯನ್ನು ತೂತಿನಲ್ಲಿ ಹಾಯಿಸಿ ತೆಗೆದಿದ್ದರು. ಪಿನ್ನು ಹಾಕಿರಲಿಲ್ಲ.

ಹಸಿರು ನೋಡಿದ ಮೇಲೆ ನನ್ನ ವಿಜ್ಞಾನವೆಲ್ಲ ಒಟ್ಟಿಗೆ ಬಂದು ಕೆನ್ನೆಗೆ ಹೊಡೆಯಿತು. ಕಿಲುಬು. ಆ ಜೆಟ್ಟಿನಲ್ಲಿ ಕೂತಿದ್ದದ್ದು ಗೋಂದಲ್ಲ, ತಾಮ್ರದ ಕಿಲುಬು. ಥಿನ್ನರಿನಲ್ಲಿ ಅದನ್ನು ಒಂದು ವರ್ಷ ನೆನೆಹಾಕಿದರೂ ಕರಗುವುದಿಲ್ಲ. ಹುಳಿಗೆ ಕ್ಷಣದಲ್ಲಿ ಬಿಡುತ್ತದೆ. ನಾನು ಐದು ಮುಚ್ಚಳ ಇಟ್ಟು ಬೂದುಬಣ್ಣದ ಮೈಯನ್ನು ಮಾತ್ರ ಪರೀಕ್ಷಿಸಿದ್ದೆ. ಹಿತ್ತಾಳೆಯ ಒಂದು ತುಂಡನ್ನೂ ಯಾವುದರಲ್ಲೂ ಹಾಕಿರಲಿಲ್ಲ. ಕೊಳೆ ಯಾವುದು ಎಂದು ನೋಡದೆ ದ್ರಾವಣ ಆರಿಸಿದ್ದೆ.

ಒಳಗೆ ಹೋದೆ. ಅತ್ತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದರು. ಕ್ಷಮಿಸಿ ಅನ್ನಲೆಂದೇ ಹೋಗಿದ್ದೆ. ಅದರ ಬದಲು, "ಕಾರ್ಬುರೇಟರ್ ಬಾಡಿಗೆ ಯಾಕೆ ಹುಣಸೆಹಣ್ಣು ಹಾಕಲಿಲ್ಲ?" ಎಂದು ಕೇಳಿದೆ. ಮೇಡಮ್ಮನ ಬಾಯಿಗೆ ಪ್ರಶ್ನೆ ಕೇಳಿ ಮಾತ್ರ ಅಭ್ಯಾಸ.

"ಅಲ್ಯೂಮಿನಿ ಪಾತ್ರೆಗೆ ಯಾರಾದ್ರೂ ಹುಳಿ ತಾಕಿಸ್ತಾರಾ? ಸಾರೂ ಕಾಯ್ಸಲ್ಲ ಅದ್ರಲ್ಲಿ. ತೂತು ಬೀಳ್ತದೆ" ಅಂದರು. ನನ್ನ ಮುಖ ನೋಡಲಿಲ್ಲ.

ಅಂದು ಮಧ್ಯಾಹ್ನವೇ ಎಲ್ಲವನ್ನೂ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಪೆಟ್ರೋಲಿನಲ್ಲಿ ಜಾಲಿಸಿ ಜೋಡಿಸಿದೆ. ಮೂರನೇ ಕಿಕ್ಕಿಗೆ ಎದ್ದಿತು. ಆಕ್ಸಿಲೇಟರ್ ಬಿಟ್ಟೆ. ನಿಲ್ಲಲಿಲ್ಲ. ಟುಕು ಟುಕು ಎಂದು ನಿಧಾನವಾಗಿ, ಹಾಯಾಗಿ ನಡೆಯುತ್ತಲೇ ಇತ್ತು. ಈ ಸಲ ನಾನು ಕಿರುಚಲಿಲ್ಲ. ಭಾನುವಾರ ಗಂಡನನ್ನು ಹಿಂದೆ ಕೂರಿಸಿಕೊಂಡು ಗುಬ್ಬಿಗೆ ಹೋಗಿ ಬಂದೆ. ದಾರಿಯಲ್ಲಿ ಸೈಕಲ್ಲಿನವರೆಲ್ಲ ನಿಂತು ನೋಡಿದರು. ಗಂಡ ಹೋಗುವಾಗ ತಲೆ ತಗ್ಗಿಸಿದ್ದವರು ಬರುವಾಗ ಕೈ ಬೀಸುತ್ತಿದ್ದರು. ಮನೆಗೆ ಬಂದು ತಾವಾಗಿಯೇ, "ರಾಜೀನಾಮೆ ಮಾತು ಮುಗೀತು ಬಿಡು" ಅಂದರು.

ಗೆದ್ದೆ. ಆದರೆ ಶುಕ್ರವಾರದಿಂದ ಅತ್ತೆ ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು. ಊಟ ಹಾಕಿದರು, ಮಗು ಎತ್ತಿಕೊಂಡರು, ನನಗೆ ಹಾಲಿಗೆ ಬೆಲ್ಲ ಹಾಕಿಕೊಟ್ಟರು. ಏನೂ ಕಡಿಮೆ ಮಾಡಲಿಲ್ಲ, ಅದಕ್ಕೇ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿ ಒಂದು ಮಾತಾಡಿ ಹಗುರಾಗುತ್ತಿದ್ದೆ. ಮೂರು ದಿನ ನಾನು ತಪ್ಪೊಪ್ಪಿಕೊಳ್ಳುವ ಮಾತನ್ನು ಮನಸ್ಸಿನಲ್ಲೇ ಬರೆದು ಬರೆದು ತಿದ್ದಿದೆ. ಆ ಮೂರು ದಿನ ನನ್ನ ಬಗ್ಗೆ ನನಗೆ ಹೇಸಿಗೆಯಾಗಿತ್ತು.

ಸೋಮವಾರ ಒಂಬತ್ತಕ್ಕೆ ಸ್ಕೂಟರ್ ಗೇಟಿನ ಹೊರಗೆ ಇಳಿಸಿದೆ. ಅತ್ತೆ ಮಗುವನ್ನು ಎತ್ತಿಕೊಂಡು ಗೇಟಿನವರೆಗೆ ಬಂದರು. ಎಂಜಿನ್ ನಡೆಯುತ್ತಿತ್ತು. ನಾನು ಬರೆದು ತಿದ್ದಿದ್ದೆಲ್ಲ ಮರೆತುಹೋಯಿತು.

"ಅತ್ತೆ, ಅವತ್ತು ಅಂದದ್ದು... ನನ್ನದು ತಪ್ಪಾಯ್ತು. ನೀವು ಹಾಗೆ ಮಾಡೋರಲ್ಲ. ನನಗೆ ಬುದ್ಧಿ ಇರಲಿಲ್ಲ" ಅಂದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಅತ್ತೆ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಸ್ವಾಮಾರ ಬಂದ್ಬುಡ್ತದೆ, ಇವ್ಳು ನೋಡಿದ್ರೆ ಅದ್ನೇ ಮತ್ತೆ ಮತ್ತೆ ನೆನೆಹಾಕ್ತಾ ಕೂತವ್ಳೆ ಅಂತ ಕೈ ಹಾಕ್ದೆ ಕಣಮ್ಮಾ. ನೀನು ಕೆಲ್ಸಕ್ಕೆ ಹೋಗ್ಲಿ ಅಂತ. ನಂಗೆ ಓದು ಬರಾಕಿಲ್ಲ. ನನ್ನ ಸೊಸೆ ಮೇಡಮ್ಮ ಅಂತ ಊರಾಗೆಲ್ಲ ಹೇಳ್ಕಂಡ್ ತಿರುಗ್ತೀನಿ. ಕತ್ಲಾದ್ಮೇಲೆ ಬರ್ತೀಯಲ್ಲ ಅಂತ ಬೇಜಾರಿತ್ತೇ ಹೊರ್ತು, ಹೋಗ್ಬ್ಯಾಡ ಅಂತ ಅಲ್ಲ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಇನ್ನೇನೋ ಹೇಳಲು ಬಾಯಿ ತೆರೆದೆ.

"ಈಗೇನೂ ಬ್ಯಾಡ, ಬೆಲ್ಲು ಹೊಡೆಯೋದ್ರೊಳಗೆ ಹೋಗು. ಬಯ್ಯೋದು ಬೇಕಾದಷ್ಟೈತೆ, ಅರ್ಧ ಗಂಟೇಲಿ ಮುಗಿಯಾದಲ್ಲ. ಸಂಜೆ ಬಾ, ಬೈತೀನಿ."

ಹೋದೆ. ದಿನವಿಡೀ ಏನು ಪಾಠ ಮಾಡಿದೆನೋ ತಿಳಿಯದು. ಸಂಜೆ ಐದಕ್ಕೆ ಇನ್ನೂ ಐದು ನಿಮಿಷ ಇರುವಾಗ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಮಗಳು ಎಚ್ಚರವಾಗಿದ್ದಳು, ಚಾಪೆಯ ಮೇಲೆ ಕೈಕಾಲು ಆಡಿಸುತ್ತ ನನ್ನ ಕಡೆ ತಿರುಗಿದಳು. ಅವಳನ್ನು ಎತ್ತಿಕೊಂಡು ಗೋಡೆಗೆ ಒರಗಿ ಕೂತು ಹಾಲು ಕೊಟ್ಟೆ. ಅತ್ತೆ ಕಾಫಿ ಲೋಟ ತಂದು ಪಕ್ಕದಲ್ಲಿಟ್ಟರು, ಎದುರಿಗೆ ಕಾಲು ಚಾಚಿ ಕೂತರು, ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲ ಬಿಚ್ಚಿದರು.

"ಹೂಂ, ಈಗ ಕೇಳು" ಎಂದು ಶುರುಮಾಡಿದರು.